ಕುದುರೆಯಂತೆ ಹೇರಿದ ವ್ಯಾನು

ಅಕ್ಕನ ಗಂಡ ಮಾಳು ಮಾಮಾನ ಬಗ್ಗೆ ಬರೆಯುತ್ತೇನೆ ಎಂದಾಗ ಅಕ್ಕ ಕಸ್ತೂರಿ ಕೇಳಿದ್ದು ಒಂದೇ ಪ್ರಶ್ನೆ: ಹೊಗಳಿ ಬರೆಯುತ್ತೀಯೋ, ಖರೆ ಬರೆಯುತ್ತೀಯೋ? ಎರಡನ್ನೂ ಬರೆಯುತ್ತೇನೆ ಎಂದೆ. ಹಾಗಾದರೆ ಖರೆ ಮೊದಲು ಬರಿ, ಹೊಗಳಿಕೆಗೆ ಕಾಗದ ಉಳಿದರೆ ನೋಡೋಣ ಎಂದಳು. ಮಾಮಾನ ಎದುರಿಗೆ ನಾನು ರೀ ಹಚ್ಚಿಯೇ ಮಾತಾಡುವುದು. ಬರೆಯುವಾಗ ಮಾತ್ರ ಏಕವಚನ. ಅದು ಸಲಿಗೆ, ತಪ್ಪು ತಿಳಿಯಬೇಡಿ. ನಾನು ಭಾಗ್ಯಾ, ಗೋಕಾಕದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹದಿನಾಲ್ಕು ವರ್ಷದಿಂದ ಅದೇ ಭಿನ್ನರಾಶಿ ಹೇಳಿ ಹೇಳಿ ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಿಟ್ಟನ್ನು ನಗುವಾಗಿ ಮಾಡುವುದು ಈ ಮನುಷ್ಯ ಒಬ್ಬನಿಗೇ ಗೊತ್ತು.

ಮಾಮಾ ಕುಲಗೋಡದವನು. ವಯಸ್ಸು ನಲವತ್ತೈದು. ಎರಡೆಕರೆ ಕಬ್ಬು, ಒಂದೆಕರೆ ಜೋಳ, ಮೂವತ್ತು ಕುರಿ. ಹಾಲುಮತದ ಮನೆತನ, ಮದುವೆಯಾಗುವ ತನಕ ಅವ್ವ ಅಪ್ಪನ ಜೊತೆ ಕುರಿಹಿಂಡು ಹೊಡೆದುಕೊಂಡು ಊರೂರು ತಿರುಗಿದವನು. ಆಗ ಇಡೀ ಸಂಸಾರವನ್ನು ಹೊತ್ತು ಹಿಂಡಿನ ಹಿಂದೆ ನಡೆಯುತ್ತಿದ್ದುದು ಒಂದು ಕುದುರೆ. ಬೆನ್ನಿನ ಎರಡೂ ಕಡೆ ಇಳಿಬಿದ್ದ ಚೀಲ. ಒಂದರಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಪಾತ್ರೆ, ಮೇಲೆ ಕಂಬಳಿ, ಕಂಬಳಿಯ ಮೇಲೆ ಕೋಳಿ, ಸಂದಿಯಲ್ಲಿ ಇನ್ನೂ ನಡೆಯಲು ಬಾರದ ಮರಿಗಳು. ಈ ಹೊರೆಗೆ ಅವರು ಹೇರು ಎನ್ನುತ್ತಾರೆ. ಹೇರಿನ ನಿಯಮ ಒಂದೇ: ಎಡಕ್ಕೂ ಬಲಕ್ಕೂ ತೂಕ ಸಮ ಇರಬೇಕು. ಒಂದು ಕಡೆ ಜಗ್ಗಿದರೆ ಕುದುರೆಯ ಬೆನ್ನು ಹುಣ್ಣಾಗುತ್ತದೆ. ಮಾಮಾ ಹತ್ತು ವರ್ಷದವನಿದ್ದಾಗಲೇ ಹೇರನ್ನು ಕೈಯಿಂದ ಒಮ್ಮೆ ಅಲುಗಿಸಿ ನೋಡಿ ಸರಿ ಇದೆ, ಸರಿ ಇಲ್ಲ ಎಂದು ಹೇಳುತ್ತಿದ್ದನಂತೆ. ಅವನು ಹೇಳಿದ ಮೇಲೆ ಯಾರೂ ಮತ್ತೆ ನೋಡುತ್ತಿರಲಿಲ್ಲ.

ಮದುವೆಯಾಗಿ ಊರಲ್ಲಿ ನೆಲೆ ನಿಂತ ಮೇಲೆ ಕುದುರೆ ಹೋಗಿ ಮೋಟರ್ ಸೈಕಲ್ ಬಂತು. ಅದನ್ನೂ ಹಾಗೆಯೇ ಹೇರಿದ. ಪೆಟ್ರೋಲ್ ಟಾಕಿಯ ಮೇಲೆ ಮಗ, ಹಿಂದೆ ಅಕ್ಕ, ಅಕ್ಕನ ಎರಡು ತೊಡೆಯ ಮೇಲೆ ಇಬ್ಬರು ಹೆಣ್ಣುಮಕ್ಕಳು, ಎಡಕ್ಕೆ ಹಾಲಿನ ಕ್ಯಾನು, ಅದಕ್ಕೆ ಸಮನಾಗಿ ಬಲಕ್ಕೆ ಹಿಂಡಿಯ ಚೀಲ. ಮೂಡಲಗಿಯ ಸಂತೆಗೆ ಹೊರಟರೆ ದಾರಿಯಲ್ಲಿ ಕಬ್ಬು ಕಡಿಯುವವರು ಕುಡುಗೋಲು ಕೆಳಗಿಟ್ಟು ನೋಡುತ್ತಿದ್ದರು. ಮಾಮಾನಿಗೆ ಆ ಗಾಡಿ ಎಂದರೆ ಜೀವ. ಮನೆಗೆ ನಾಲ್ಕು ಗಾಲಿಯ ವಾಹನ ಬೇಕು ಎಂದು ಯಾರಾದರೂ ಅಂದರೆ, ಡಬ್ಬಿಯಲ್ಲಿ ಕೂರಲು ನಾನೇನು ಉಪ್ಪಿನಕಾಯಿಯೇ ಎಂದು ಕೇಳುತ್ತಿದ್ದ.

ಆದರೆ ಮಕ್ಕಳು ಬೆಳೆಯುತ್ತವೆ. ಹಿರಿಯ ಮಗಳು ಮೂಡಲಗಿಯ ಕಾಲೇಜಿಗೆ ಹೋಗಲು ಶುರುಮಾಡಿದ ವರ್ಷ ಅಪ್ಪನಿಗಿಂತ ಎರಡು ಬೆರಳು ಎತ್ತರವಾದಳು. ಉಳಿದಿಬ್ಬರೂ ಅದೇ ದಾರಿ ಹಿಡಿದರು. ಅದಕ್ಕೂ ಮೊದಲೇ, ಮಾಮಾನ ಅವ್ವ ಶೆಟ್ಟೆವ್ವ ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆ, ಅಂದರೆ ಸೊಂಟದ ಎಲುಬು, ಮುರಿದುಕೊಂಡಿದ್ದಳು. ಗೋಕಾಕದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಎದ್ದು ಓಡಾಡುವಂತಾದಳು, ಆದರೆ ಮೋಟರ್ ಸೈಕಲ್ಲಿನ ಮೇಲೆ ಕೂರುವ ಮಾತು ಮುಗಿದೇ ಹೋಯಿತು. ಬಸ್ಸಿನ ಮೆಟ್ಟಿಲು ಅವಳ ಮೊಣಕಾಲಿಗಿಂತ ಎತ್ತರ. ಒಮ್ಮೆ ಮಾಮಾ ಮತ್ತು ಕಂಡಕ್ಟರು ಸೇರಿ ಎತ್ತಿ ಹತ್ತಿಸಲು ಹೋದಾಗ ನೋವಿಗೆ ಚೀರಿದಳು, ಅಲ್ಲಿಗೆ ಬಸ್ಸಿಗೂ ಕೈಮುಗಿದಳು.

ಇದರಿಂದ ಶೆಟ್ಟೆವ್ವ ಕಳೆದುಕೊಂಡದ್ದು ಊರು ತಿರುಗುವುದನ್ನಲ್ಲ, ತಂಗಿಯನ್ನು. ತಂಗಿ ಗೌರವ್ವ ಹುಕ್ಕೇರಿಯಾಚೆ ದಡ್ಡಿಯಲ್ಲಿದ್ದಾಳೆ. ಅವಳಿಗೆ ಎರಡೂ ಕಣ್ಣು ಮಂಜಾಗಿ ಹೊಸ್ತಿಲು ದಾಟಿದರೆ ದಾರಿ ಕಾಣದು. ಇವಳಿಗೆ ಕಾಲು ಬಾರದು, ಅವಳಿಗೆ ಕಣ್ಣು ಬಾರದು. ಮೂರು ವರ್ಷ ಇಬ್ಬರೂ ಮುಖ ನೋಡಿರಲಿಲ್ಲ. ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದರು, ಮಾತಿಗಿಂತ ಜಗಳವೇ ಜಾಸ್ತಿ. ಜಗಳ ಮುಗಿಸಿ ಫೋನು ಇಟ್ಟ ಮೇಲೆ ಶೆಟ್ಟೆವ್ವ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅದನ್ನು ಮೂರು ವರ್ಷ ನೋಡಿದ ಮಾಮಾ ಒಂದು ದಿನ ಯಾರಿಗೂ ಹೇಳದೆ ತನ್ನ ಗಾಡಿ ಮಾರಿ, ಏಳು ಸೀಟಿನ ಹಳೆಯ ಬಿಳಿ ವ್ಯಾನು ತಂದು ಅಂಗಳದಲ್ಲಿ ನಿಲ್ಲಿಸಿದ. ನೆಲಕ್ಕೆ ಅಷ್ಟು ಹತ್ತಿರ ಇರುವ ಮೆಟ್ಟಿಲು ಬೇರೆ ಯಾವ ವಾಹನಕ್ಕೂ ಇರಲಿಲ್ಲವಂತೆ. ಗೇಣು ಹಿಡಿದು ಅಳೆದು ನೋಡಿಯೇ ತಂದಿದ್ದ.

ವ್ಯಾನು ಕಲಿಯುವುದು ಸುಲಭವಾಗಲಿಲ್ಲ. ಸಿದ್ರಾಮ ಎಂಬ ಟೆಂಪೊ ಡ್ರೈವರು ಹದಿನೈದು ದಿನ ಕಲಿಸಿ, ಲೈಸೆನ್ಸು ಕೈಗೆ ಬಂದ ದಿನವೇ ಇನ್ನು ನನ್ನನ್ನು ಬಿಟ್ಟುಬಿಡು ಎಂದು ಕೈಮುಗಿದ. ಮಾಮಾನ ದೇಹವೆಲ್ಲ ಇನ್ನೂ ಮೋಟರ್ ಸೈಕಲ್ಲಿನಲ್ಲೇ ಇತ್ತು. ತಿರುವು ಬಂದರೆ ಸ್ಟೇರಿಂಗು ತಿರುಗಿಸುವುದರ ಜೊತೆಗೆ ತಾನೂ ಒಂದು ಕಡೆಗೆ ವಾಲುತ್ತಿದ್ದ, ಹಿಂದೆ ಕೂತವರಿಗೂ ವಾಲಿರಿ ಎಂದು ಹೇಳುತ್ತಿದ್ದ. ನಾವೂ ವಾಲುತ್ತಿದ್ದೆವು, ಏಕೆಂದರೆ ವಾಲದಿದ್ದರೆ ಅವನ ಮನಸ್ಸಿಗೆ ಸಮಾಧಾನವಿಲ್ಲ. ಎಲ್ಲಿಯಾದರೂ ನಿಲ್ಲಿಸಬೇಕಾದರೆ ಬ್ರೇಕು ಒತ್ತಿ, ಬಾಗಿಲು ತೆರೆದು, ಒಂದು ಕಾಲು ನೆಲಕ್ಕೆ ಊರುತ್ತಿದ್ದ. ಇಲ್ಲವಾದರೆ ವ್ಯಾನು ಬೀಳುತ್ತದೆಯೇ ಮಾಮಾ ಎಂದು ಕೇಳಿದೆ. ಬೀಳುವುದಿಲ್ಲ, ಆದರೂ ಒಂದು ಕಾಲು ಕೆಳಗಿದ್ದರೆ ಧೈರ್ಯ ಎಂದ. ಗೋಕಾಕದ ಬಜಾರದಲ್ಲಿ ಎರಡು ಹಣ್ಣಿನ ಗಾಡಿಗಳ ನಡುವೆ ಮೊದಲಿನಂತೆ ನುಗ್ಗಲು ಹೋಗಿ ಎರಡಕ್ಕೂ ಅಂಟಿ ನಿಂತ. ಪೇರಲ ಮಾರುವವಳು ಬೈದಳು, ಬಾಳೆಹಣ್ಣಿನವನು ಬೈದ. ಮಾಮಾ ಇಳಿಯಲು ಬಾಗಿಲು ತೆರೆಯಲಾಗದೆ ಕಿಟಕಿಯಿಂದಲೇ ಇಬ್ಬರ ಹತ್ತಿರವೂ ಹಣ್ಣು ಕೊಂಡು ರಾಜಿ ಮಾಡಿಕೊಂಡ.

ಇವೆಲ್ಲಕ್ಕಿಂತ ದೊಡ್ಡದು ಹೇರಿನ ವಿಷಯ. ಡ್ರೈವರು ಬಲಕ್ಕೆ ಕೂರುವುದರಿಂದ ವ್ಯಾನು ಬಲಕ್ಕೆ ಜಗ್ಗುತ್ತದೆ ಎಂದು ಅವನು ಮೊದಲ ದಿನವೇ ಕಂಡುಹಿಡಿದ. ಅಂದಿನಿಂದ ಅದರಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ವಯಸ್ಸಿನ ಮೇಲೆ, ಮರ್ಯಾದೆಯ ಮೇಲೆ ನಡೆಯುವುದಿಲ್ಲ, ತೂಕದ ಮೇಲೆ ನಡೆಯುತ್ತದೆ. ನನ್ನನ್ನು ಮುಂದೆ ಎಡಕ್ಕೆ ಕೂರಿಸುವಾಗ, ಹಿರಿಯ ಮಗಳ ಬದಲಿಗೆ ನಾನೇ ಏಕೆ ಎಂದೆ. "ನಿನ್ನಷ್ಟು ಭರ್ತಿ ಯಾರೂ ಇಲ್ಲವ್ವಾ" ಎಂದ. ಎರಡು ದಿನ ಮಾತು ಬಿಟ್ಟೆ. ಅವನಿಗೆ ಗೊತ್ತೂ ಆಗಲಿಲ್ಲ. ಎಲ್ಲರನ್ನೂ ಕೂರಿಸಿದ ಮೇಲೆ ಹಿಂದೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಬಂಪರನ್ನು ನೋಡುವನು. ಆಮೇಲೆ ಎದ್ದು ಬಂದು ವ್ಯಾನಿನ ಬದಿಗೆ ಅಂಗೈ ಕೊಟ್ಟು ಒಮ್ಮೆ ಅಲುಗಿಸುವನು. ಸರಿ ಅನ್ನಿಸದಿದ್ದರೆ ಮಗ ಬಲದಿಂದ ಎಡಕ್ಕೆ, ಅಕ್ಕಿಯ ಚೀಲ ಎಡದಿಂದ ಬಲಕ್ಕೆ. ಕೊನೆಗೆ ಹೇರು ಸರಿ ಐತಿ ಎಂದ ಮೇಲೆಯೇ ಚಾವಿ ತಿರುಗುವುದು.

ಇಷ್ಟೆಲ್ಲ ಮಾಡಿ ತಂದ ವ್ಯಾನನ್ನು ಶೆಟ್ಟೆವ್ವ ಮುಟ್ಟಲಿಲ್ಲ. ಚಪ್ಪೆ ಮುರಿದ ದಿನ ಅವಳನ್ನು ಮಲಗಿಸಿ ಆಸ್ಪತ್ರೆಗೆ ಒಯ್ದದ್ದು ಇಂಥದೇ ಬಿಳಿ ವ್ಯಾನು. ಅಂಗಳದಲ್ಲಿ ಅದನ್ನು ಕಂಡದ್ದೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾಮಾ ಕೈಮುಗಿದ, ಅಕ್ಕ ತಿಳಿಹೇಳಿದಳು, ಮೊಮ್ಮಕ್ಕಳು ಮುದ್ದು ಮಾಡಿದರು. ಬಿಳಿ ಗಾಡಿ ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ. ಎರಡು ತಿಂಗಳು ಆ ವ್ಯಾನಿನಲ್ಲಿ ಉಳಿದವರೆಲ್ಲ ಓಡಾಡಿದೆವು, ಯಾರಿಗಾಗಿ ತಂದನೋ ಅವಳೊಬ್ಬಳನ್ನು ಬಿಟ್ಟು. ಮಾಮಾ ಹೊರಗೆ ನಗುತ್ತಿದ್ದ, ಒಳಗೆ ನೊಂದಿದ್ದ.

ಆಗ ದಡ್ಡಿಯಿಂದ ಸುದ್ದಿ ಬಂತು. ಗೌರವ್ವನ ಮೊಮ್ಮಗಳು ಹೆಣ್ಣು ಹೆತ್ತಿದ್ದಾಳೆ, ಬರುವ ರವಿವಾರ ತೊಟ್ಟಿಲಿಗೆ ಹಾಕುತ್ತಾರೆ, ಮಧ್ಯಾಹ್ನ ಹನ್ನೆರಡರೊಳಗೆ. ಈ ಅಕ್ಕ ತಂಗಿಯರ ನಡುವೆ ಮದುವೆಯಾದಂದಿನಿಂದ ಒಂದು ಮಾತಿತ್ತು. ಒಬ್ಬಳ ಮನೆಯ ಕೂಸು ತೊಟ್ಟಿಲಿಗೆ ಹೋಗುವ ಮುಂಚೆ ಇನ್ನೊಬ್ಬಳ ಮಡಿಲಲ್ಲಿ ಮಲಗಬೇಕು. ಮಕ್ಕಳು, ಮೊಮ್ಮಕ್ಕಳು ಸೇರಿ ಹನ್ನೊಂದು ಕೂಸು ಹಾಗೆ ಮಲಗಿದ್ದವು, ಒಂದೂ ತಪ್ಪಿರಲಿಲ್ಲ. ಇದು ಹನ್ನೆರಡನೆಯದು. ಗೌರವ್ವ ಫೋನಿನಲ್ಲಿ ಈ ಸಲ ಜಗಳಾಡಲಿಲ್ಲ. ಅಕ್ಕಾ, ನೀನು ಬರುವ ತನಕ ನಾನು ಕೂಸನ್ನು ತೊಟ್ಟಿಲಿಗೆ ಹಾಕಗೊಡುವುದಿಲ್ಲ ಎಂದಷ್ಟೇ ಹೇಳಿ ಇಟ್ಟಳು. ಶೆಟ್ಟೆವ್ವ ಅಂದು ಊಟ ಮಾಡಲಿಲ್ಲ.

ಮಾಮಾನೂ ಊಟ ಮಾಡಲಿಲ್ಲ. ಮರುದಿನ ಮೂಡಲಗಿಗೆ ಹೋಗಿ ಹಳದಿ ಎಣ್ಣೆಬಣ್ಣದ ನಾಲ್ಕು ಡಬ್ಬಿ, ಎರಡು ಬ್ರಷ್ಷು ತಂದ. ದೇವರಿಗೆ ಏರಿಸಿ ಹಣೆಗೆ ಹಚ್ಚಿಕೊಳ್ಳುವ ಅರಿಸಿನ ಭಂಡಾರದ ಹಳದಿಯೇ ಬೇಕೆಂದು ಅಂಗಡಿಯವನ ಎದುರು ಭಂಡಾರದ ಪುಡಿ ಅಂಗೈಯಲ್ಲಿಟ್ಟು ತೋರಿಸಿ ಹೊಂದಿಸಿ ತಂದಿದ್ದ. ಎರಡು ದಿನ ಮಕ್ಕಳೂ ಅವನೂ ಸೇರಿ ಬಳಿದದ್ದೇ ಬಳಿದದ್ದು. ಗಾಲಿಗೂ ಹಳದಿ, ಕನ್ನಡಿಯ ಅಂಚಿಗೂ ಹಳದಿ, ಅಲ್ಲೇ ಮಲಗಿದ್ದ ನಾಯಿಯ ಬಾಲಕ್ಕೂ ಹಳದಿ. ಬಣ್ಣ ಬದಲಿಸಲು ಆರ್‌ಟಿಒ ಕಚೇರಿಯ ಅಪ್ಪಣೆ ಬೇಕು ಮಾಮಾ ಎಂದು ನಾನು ಫೋನಿನಲ್ಲಿ ಬಡಕೊಂಡೆ. ಮೊದಲು ಅವ್ವನ ಅಪ್ಪಣೆಯಾಗಲಿ, ಅದು ಸಿಕ್ಕರೆ ಉಳಿದದ್ದನ್ನು ಬರೆಸೋಣ ಎಂದ. ಆಮೇಲೆ ಖರೆಯೇ ಹೋಗಿ ಬರೆಸಿದ, ಅದೂ ಹೇಳಬೇಕು.

ಶನಿವಾರ ಶಾಲೆ ಮುಗಿಸಿ ನಾನೂ ಕುಲಗೋಡಕ್ಕೆ ಬಂದೆ, ಸಂಜೆ ಶೆಟ್ಟೆವ್ವ ಕೋಲೂರಿಕೊಂಡು ಹೊರಗೆ ಬಂದಳು. ವ್ಯಾನಿನ ಸುತ್ತ ಒಂದು ಸುತ್ತು ಹಾಕಿದಳು. ಅಂಗೈಯಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಬಣ್ಣ ಪೂರ್ತಿ ಒಣಗಿರಲಿಲ್ಲ, ಹಣೆ ಹಳದಿಯಾಯಿತು. ಆ ಬಿಳಿ ಗಾಡಿ ಎಲ್ಲಿ ಎಂದು ಕೇಳಿದಳು. ಮಾರಿದೆ ಎಂದ ಮಾಮಾ. ಒಳ್ಳೇದು ಮಾಡಿದಿ ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು, ಎರಡು ದಿನ ಕಿಟಕಿಯಿಂದ ನೋಡುತ್ತಲೇ ಇದ್ದಳು. ಆದರೂ ಆ ಸುಳ್ಳನ್ನು ಅವಳು ಪ್ರೀತಿಯಿಂದ ಒಪ್ಪಿಕೊಂಡಳು, ಅವನು ಪ್ರೀತಿಯಿಂದ ಹೇಳಿದ. ಇಂಥ ಜನರ ಮನೆಗೆ ನಮ್ಮಕ್ಕ ಸೊಸೆಯಾಗಿ ಹೋದದ್ದು ನನಗೆ ಯಾವತ್ತೂ ಸಂತೋಷವೇ.

ರವಿವಾರ ಏಳಕ್ಕೆ ಹೊರಟೆವು. ಮುಂದೆ ಮಾಮಾ, ಅವನ ಎಡಕ್ಕೆ ಭರ್ತಿಯಾದ ನಾನು. ನಡುವಿನ ಸೀಟಿನಲ್ಲಿ ಎಡಬಾಗಿಲಿನ ಹತ್ತಿರ ಶೆಟ್ಟೆವ್ವ, ಬಲಕ್ಕೆ ಅಕ್ಕ. ಹಿಂದೆ ಮೂವರು ಮಕ್ಕಳು, ಅವರ ಕಾಲ ಹತ್ತಿರ ಹೋಳಿಗೆಯ ಬುಟ್ಟಿ, ಇನ್ನೊಂದು ಬದಿಗೆ ತೊಟ್ಟಿಲಿನ ಉಡುಗೊರೆಯ ಗಂಟು. ಶೆಟ್ಟೆವ್ವ ಉಟ್ಟದ್ದು ಹಸಿರು ಇಳಕಲ್ಲು ಸೀರೆ, ಕೆಂಪು ಸೆರಗು. ತಲೆಯ ಮೇಲೆ ಸೆರಗೆಳೆದು, ಕಿಟಕಿಯ ಹೊರಗೆ ನೋಡುತ್ತ, ಕಬ್ಬಿನ ಹೊಲಗಳ ಯಜಮಾನರನ್ನೆಲ್ಲ ಹೆಸರು ಹಿಡಿದು ಬೈಯುತ್ತ ಕೂತಳು. ಮೂರು ವರ್ಷ ನೋಡದ ಹೊಲಗಳು. ಯಾರು ಕಳೆ ತೆಗೆಸಿಲ್ಲ, ಯಾರು ಒಡ್ಡು ಒತ್ತಿದ್ದಾರೆ ಎಂದು ಒಂದನ್ನೂ ಬಿಡಲಿಲ್ಲ. ಅಕ್ಕನಿಗೆ ಮಾತ್ರ ವಾಹನ ಆಗಿಬರುವುದಿಲ್ಲ. ಅವಳು ಮೂಗಿಗೆ ನಿಂಬೆಹಣ್ಣು ಹಿಡಿದು, ಮುಖದ ತುಂಬ ಸೆರಗು ಹೊದ್ದು, ಕಣ್ಣು ಮುಚ್ಚಿದರೆ ಊರು ಬಂದಾಗಲೇ ತೆರೆಯುವುದು. ಮಕ್ಕಳು ಮೂರೂ ಒಂದೇ ಮೊಬೈಲಿನಲ್ಲಿ ಮುಳುಗಿದ್ದವು. ಗೋಕಾಕದ ತಿರುವುಗಳಲ್ಲಿ ಎಲ್ಲರೂ ಮಾಮಾನ ಮಾತಿನಂತೆ ವಾಲಿದೆವು, ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟಿದಾಗ ಒಂಬತ್ತೂವರೆ.

ಹುಕ್ಕೇರಿಯಲ್ಲಿ ಸಂತೆ ಕೂಡಿತ್ತು. ಹೂವು, ಬಳೆ, ಬೆಂಡು ಬತ್ತಾಸು ತರಬೇಕೆಂದು ಮಾಮಾ ವ್ಯಾನು ನಿಲ್ಲಿಸಿ ಇಳಿದ. ಎದುರಿಗೇ ಚುರಮುರಿಯವನು ಕಂಡ. ನಾನೂ ಇಳಿದೆ. ಖರೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನಲ್ಲ, ಆದ್ದರಿಂದ ಹೇಳುತ್ತೇನೆ: ಹತ್ತು ನಿಮಿಷ ನಾನು ವ್ಯಾನಿಗೆ ಬೆನ್ನು ತಿರುಗಿಸಿ ಎರಡು ಪೊಟ್ಟಣ ಚುರಮುರಿ ತಿಂದೆ. ಹಸಿ ಮೆಣಸಿನಕಾಯಿ ಚಲೋ ಕರಿದಿದ್ದ. ಬಂದು ಕೂತಾಗ ಕುತ್ತಿಗೆ ತಿರುಗಿಸಿ ನೋಡಿದೆನೇ? ನೋಡಿದೆ. ಎಡಬಾಗಿಲಿನ ಹತ್ತಿರ ಹಸಿರು ಇಳಕಲ್ಲು, ಕೆಂಪು ಸೆರಗು, ಸೆರಗಿನೊಳಗೆ ನಿದ್ದೆ. ಮುದುಕಿಗೆ ದಣಿವಾಗಿರಬೇಕು ಎಂದುಕೊಂಡೆ. ಮಾಮಾ ಹೂವಿನ ಪೊಟ್ಟಣ ನನ್ನ ಕೈಗೆ ಕೊಟ್ಟು, ಹಿಂದೆ ಹೋಗಿ ಬಂಪರು ನೋಡಿ, ಬದಿಗೆ ಅಂಗೈ ಕೊಟ್ಟು ಅಲುಗಿಸಿದ. "ಹೇರು ಸರಿ ಐತಿ" ಎಂದ. ಹೊರಟೆವು.

ಹುಕ್ಕೇರಿ ಬಿಟ್ಟು ಹತ್ತು ಕಿಲೊಮೀಟರ್ ಬಂದಿರಬೇಕು. ಹಿಂದಿನಿಂದ ಒಂದು ಕೈ ಬಂದು ಮಾಮಾನ ಭುಜ ತಟ್ಟಿತು.

"ಆಲದ ಗಿಡದ ಹಂತ್ಯಾಕ ನಿಲ್ಲಸಪಾ. ಇಳೀತೇನಿ."

"ಇನ್ನೂ ದಡ್ಡಿ ಬಂದಿಲ್ಲ ಯವ್ವಾ, ಸುಮ್ನ ಕುಂಡ್ರ" ಎಂದ ಮಾಮಾ, ರಸ್ತೆಯಿಂದ ಕಣ್ಣು ತೆಗೆಯದೆ.

"ದಡ್ಡಿಗೆ ನಾ ಯಾಕ ಬರ್ಲೆಪ್ಪಾ?"

ಧ್ವನಿ ಶೆಟ್ಟೆವ್ವನದಲ್ಲ. ಅಕ್ಕ ಸೆರಗು ಸರಿಸಿ ಕಣ್ಣು ತೆರೆದಳು, ನಾನು ತಿರುಗಿದೆ, ಮಕ್ಕಳು ಮೊಬೈಲಿನಿಂದ ತಲೆಯೆತ್ತಿದರು. ಅದೇ ಸೀರೆ, ಅದೇ ಸೆರಗು, ಅದೇ ಗಾತ್ರ, ಆದರೆ ಮುಖ ಮಾತ್ರ ಯಾರದ್ದೋ. ಮುದುಕಿಯ ಹೆಸರು ತಾಯವ್ವ. ರವಿವಾರ ರಜೆಯಲ್ಲಿ ಶಾಲೆಯ ಹಳದಿ ವ್ಯಾನುಗಳು ಈ ದಾರಿಯಲ್ಲಿ ಪ್ಯಾಸೆಂಜರ್ ಹೊಡೆಯುತ್ತವೆ. ಸಂತೆಯಲ್ಲಿ ಹಳದಿ ವ್ಯಾನು ಬಾಗಿಲು ತೆರೆದು ನಿಂತಿತ್ತು, ಒಂದು ಸೀಟು ಖಾಲಿ ಇತ್ತು, ಹತ್ತಿ ಕೂತಳು, ನಿದ್ದೆ ಬಂತು. ಅವಳ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಅಕ್ಕ ಶೆಟ್ಟೆವ್ವನ ನಂಬರಿಗೆ ಫೋನು ಹಚ್ಚಿದಳು. ತಾಯವ್ವನ ಪಕ್ಕದಲ್ಲಿದ್ದ ಚೀಲದೊಳಗೆ ಅದು ಹಾಡತೊಡಗಿತು.

ನನಗೆ ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಮುರಿದ ಚಪ್ಪೆಯ ಮುದುಕಿ, ಕೈಯಲ್ಲಿ ಫೋನಿಲ್ಲ, ನೂರಾರು ಜನರ ಸಂತೆ, ಹನ್ನೆರಡಕ್ಕೆ ತೊಟ್ಟಿಲು. ಮಾಮಾ ಗಕ್ಕನೆ ಬ್ರೇಕು ಒತ್ತಿದ. ಇಕ್ಕಟ್ಟಿನ ರಸ್ತೆಯಲ್ಲಿ ಮೋಟರ್ ಸೈಕಲ್ಲಿನಂತೆ ಒಂದೇ ಏಟಿಗೆ ತಿರುಗಿಸಲು ಹೋದ, ಮುಂದಿನ ಗಾಲಿ ಕಾಲುವೆಯ ಅಂಚಿಗೆ ಇಳಿಯಿತು. ಮಕ್ಕಳೂ ನಾನೂ ಇಳಿದು ತಳ್ಳಿದೆವು. ತಾಯವ್ವ ಒಳಗೆ ಕೂತೇ, ಎಡಕ್ಕೆ ತಗೋ, ಬಲಕ್ಕೆ ತಗೋ ಎಂದು ಅಪ್ಪಣೆ ಕೊಟ್ಟಳು. ಅವಳನ್ನು ಇಳಿಸಿ ಹೋಗಬೇಕೆಂಬುದು ಯಾರ ತಲೆಗೂ ಹೊಳೆಯಲಿಲ್ಲ, ಇಳಿಯಬೇಕೆಂಬುದು ಅವಳಿಗೂ ಹೊಳೆಯಲಿಲ್ಲ. ಎಂಥ ಮಗನಪ್ಪಾ ನೀನು ಎಂದು ಶುರು ಮಾಡಿದವಳು ಹುಕ್ಕೇರಿ ಬರುವ ತನಕ ನಿಲ್ಲಿಸಲಿಲ್ಲ.

ಆ ಹತ್ತು ಕಿಲೊಮೀಟರ್ ಮಾಮಾ ವ್ಯಾನು ಹೊಡೆದದ್ದೇ ಬೇರೆ ರೀತಿ. ತಿರುವುಗಳಲ್ಲಿ ವಾಲಲಿಲ್ಲ, ನಮಗೂ ವಾಲಿರಿ ಎನ್ನಲಿಲ್ಲ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂದಾಗ ಸಂದಿಯಲ್ಲಿ ನುಗ್ಗಲು ಹೋಗದೆ ಬದಿಗೆ ನಿಂತು ದಾರಿ ಬಿಟ್ಟ, ಬಾಗಿಲು ತೆರೆದು ಕಾಲೂ ಊರಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ಒಮ್ಮೆ ರಸ್ತೆಯಲ್ಲಿ, ಒಮ್ಮೆ ಕನ್ನಡಿಯಲ್ಲಿ. ಎರಡು ತಿಂಗಳು ಸಿದ್ರಾಮನೂ ನಾವೂ ಸೇರಿ ಕಲಿಸಲಾಗದ್ದನ್ನು ಆ ಹೆದರಿಕೆ ಹದಿನೈದು ನಿಮಿಷದಲ್ಲಿ ಕಲಿಸಿತು. ಆಗ ಅದನ್ನು ಗಮನಿಸಿದವಳು ನಾನೊಬ್ಬಳೇ, ಹೇಳುವ ಹೊತ್ತು ಅದಾಗಿರಲಿಲ್ಲ.

ಸಂತೆಯಲ್ಲಿ ಹಂಚಿಹೋಗಿ ಹುಡುಕಿದೆವು. ಮಾಮಾ ಚಪ್ಪಲಿ ಬಿಟ್ಟು ಓಡಿದ. ಬಳೆಯ ಸಾಲು, ಕಾಯಿಪಲ್ಲೆಯ ಸಾಲು, ಬಸ್ ಸ್ಟ್ಯಾಂಡು, ಎಲ್ಲಿಯೂ ಇಲ್ಲ. ಕೊನೆಗೆ ನೇಕಾರರು ಕಂಬಳಿ ಹಾಸಿಕೊಂಡು ಕೂರುವ ಮೂಲೆಯಲ್ಲಿ ಕಂಡಳು. ಕಂಬಳಿಯ ಗುಪ್ಪೆಯ ಮೇಲೆ ರಾಡು ಹಾಕಿದ ಕಾಲು ಚಾಚಿ ಕೂತು, ಬಾಯಲ್ಲಿ ಎಲೆ ಅಡಿಕೆ, ತೊಡೆಯ ಮೇಲೆ ಒಂದು ಪುಟ್ಟ ಕರಿಕಂಬಳಿ. ಅದರ ಅಂಚಿನ ನೂಲು ಸಡಿಲು ಎಂದು ನೇಕಾರನಿಗೆ ಪಾಠ ಹೇಳುತ್ತಿದ್ದಳು. ಅವನು ಸೋತು ಅವಳಿಗೆ ಚಹಾ ತರಿಸಿದ್ದ. ವ್ಯಾನಿನ ಕಿಟಕಿಯಿಂದ ಕಂಬಳಿ ಕಂಡು, ಕೂಸಿಗೆ ಒಂದು ಇರಲಿ ಎಂದು, ತಾನೇ ಬಾಗಿಲು ಸರಿಸಿ, ತಾನೇ ಕಾಲು ಕೆಳಗಿಟ್ಟು ಇಳಿದು ಬಂದಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಅವಳು ಅಂಗಳದಾಚೆ ಒಂದು ಕಡೆಗೆ ಹೋಗಿದ್ದು. ನಾವು ಬಿಟ್ಟುಹೋದದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಮಾಮಾ ಅವಳ ಎದುರು ಮಣ್ಣಿನಲ್ಲಿ ಕೂತುಬಿಟ್ಟ. ಅವಳ ಎರಡೂ ಪಾದ ಹಿಡಿದು ಅತ್ತ. ನಲವತ್ತೈದು ವರ್ಷದ ಗಂಡಸು ಸಂತೆಯ ನಡುವೆ ಬಿಕ್ಕಿಬಿಕ್ಕಿ ಅಳುವುದನ್ನು ಜನ ನಿಂತು ನೋಡಿದರು. ಏನಾಯಿತು ಎಂದು ಶೆಟ್ಟೆವ್ವ ನಮ್ಮನ್ನು ಕೇಳಿದಳು. ಹೇರು ಸರಿ ಇದೆ ಎಂದು ಹೋದದ್ದು, ಅವಳ ಜಾಗದಲ್ಲಿ ತಾಯವ್ವ ಕೂತದ್ದು, ಎಲ್ಲ ಹೇಳಿದೆವು. ತಾಯವ್ವನೂ ಮುಂದೆ ಬಂದು ತನ್ನ ಸೀರೆ ತೋರಿಸಿದಳು. ಶೆಟ್ಟೆವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಮಗನನ್ನು ನೋಡಿದಳು, ಆಮೇಲೆ ನಗಲು ಶುರು ಮಾಡಿದಳು. ಎಲೆ ಅಡಿಕೆ ಬದಿಗೆ ಉಗುಳಿ ಮತ್ತೆ ನಕ್ಕಳು.

"ಅಳಬ್ಯಾಡೋ ಮಾಳು. ನಿನ್ನ ನಾನೂ ಬಿಟ್ಟ ಹೋಗಿದ್ನಿ. ನೀ ಎಂಟ ತಿಂಗಳ ಕೂಸು. ದಿನಾ ಕುದರಿ ಹೇರುವಾಗ ಒಂದ ಬಾಜೂ ಚೀಲದಾಗ ನಿನ್ನ ಹಾಕ್ತಿದ್ನಿ, ಒಂದ ಬಾಜೂ ಎರಡ ಮರಿ. ಅವತ್ತ ಮುಂಜಾನೆ ಗಡಿಬಿಡಿಯಾಗ ಎರಡೂ ಬಾಜೂ ಮರೀನ ಹಾಕೇನಿ. ಹೇರು ಸರಿ ಇತ್ತು, ನಡದ ಬಿಟ್ಟೆ. ಎರಡ ಹೊಲ ದಾಟಿದ ಮ್ಯಾಲ ನಿನಗ ಹಾಲ ಕುಡಸೂಣು ಅಂತ ಚೀಲಕ್ಕ ಕೈ ಹಾಕಿದ್ರ ಬ್ಯಾ ಅಂತು."

ಮಾಮಾ ತಲೆಯೆತ್ತಿದ. ಮೂಗು ಸೋರುತ್ತಿತ್ತು.

"ಓಡಿ ಬಂದ್ರ ನೀ ನಾಯಿ ಕಿವಿ ಹಿಡ್ಕೊಂಡ ನಗಾಕತ್ತಿದ್ದಿ. ನಿಮ್ಮಪ್ಪಗ ಸಾಯೂತನಕಾ ಹೇಳಲಿಲ್ಲ ನಾನು. ಏಳ ಇನ್ನ, ಗೌರಿ ಕಾಯಾಕತ್ತಾಳ."

ನೇಕಾರ ನಕ್ಕ, ಸುತ್ತ ನಿಂತವರು ನಕ್ಕರು, ಅಕ್ಕ ಅಳುತ್ತಲೇ ನಕ್ಕಳು. ಮಾಮಾ ಮಾತ್ರ ಬಾಯಿ ತೆರೆದುಕೊಂಡು ಅವ್ವನನ್ನೇ ನೋಡುತ್ತಿದ್ದ. ಇಷ್ಟು ವರ್ಷ ತಾನು ನಂಬಿದ ವಿದ್ಯೆ ಮನೆಯಲ್ಲೇ ಕೈಕೊಟ್ಟಿತ್ತು ಎಂಬುದು ಅರಗಲು ಅವನಿಗೆ ಹೊತ್ತು ಬೇಕಾಯಿತು. ಆಮೇಲೆ ಎದ್ದು, ಅವ್ವನನ್ನು ಎತ್ತಿಕೊಂಡೇ ಹೋಗಿ ಮುಂದಿನ ಸೀಟಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿದ. ನಾನು ಹಿಂದಕ್ಕೆ ಹೋದೆ. ತಾಯವ್ವನನ್ನು ಅವಳ ಆಲದ ಗಿಡದ ಹತ್ತಿರ ಇಳಿಸುತ್ತೇವೆ ಎಂದರೆ, ಊರಿನ ಬಾಗಿಲಿಗೆ ಒಯ್ದು ತಿರುಗಿ ಸಂತೆಗೆ ತಂದವರು ನೀವು, ಇನ್ನು ನಾನು ತೊಟ್ಟಿಲು ನೋಡಿ ಹೋಳಿಗೆ ಉಂಡೇ ಇಳಿಯುವವಳು ಎಂದಳು. ಹೀಗೆ ಏಳು ಜನರ ವ್ಯಾನಿನಲ್ಲಿ ಎಂಟು ಜನರಾದೆವು. ಮಾಮಾ ಒಬ್ಬೊಬ್ಬರ ಮುಖವನ್ನೂ ನೋಡಿ, ಹೆಸರು ಹಿಡಿದು ಕೂಗಿ, ಓ ಎನ್ನಿಸಿಕೊಂಡು ಚಾವಿ ತಿರುಗಿಸಿದ.

ದಡ್ಡಿ ಮುಟ್ಟಿದಾಗ ಹನ್ನೆರಡು ಮುಕ್ಕಾಲು. ಓಣಿಯವರೆಲ್ಲ ಸಿಟ್ಟಾಗಿದ್ದರು. ಹೊತ್ತು ಮೀರಿತು, ಹೆಸರಿಡಬೇಕಾದ ಸೋದರತ್ತೆ ಎರಡು ಸಲ ಎದ್ದು ಹೊರಟಿದ್ದಳು, ಹಸಿದವರು ಊಟಕ್ಕೆ ಕೂತಾಗಿತ್ತು. ತೊಟ್ಟಿಲು ಮಾತ್ರ ಖಾಲಿ. ಗೌರವ್ವ ಅದರ ಹಗ್ಗ ಕೈಗೆ ಸುತ್ತಿಕೊಂಡು ಕೂಸನ್ನು ಎದೆಗೆ ಅವಚಿ ಕೂತಿದ್ದಳು. ಯಾರು ಕೇಳಿದರೂ ನಮ್ಮಕ್ಕ ಬರುತ್ತಾಳೆ ಎನ್ನುವುದೊಂದೇ ಮಾತು. ನಾವು ಬಂದೆವೆಂದು ಗದ್ದಲವಾದಾಗ ಕೂಸನ್ನು ಸೊಸೆಯ ಕೈಗೆ ಕೊಟ್ಟು, ಗೋಡೆ ಹಿಡಿದು ಬಾಗಿಲಿಗೆ ಬಂದು, ಮಂಜು ಕಣ್ಣಿಗೆ ಹಸಿರು ಸೀರೆ ಕಂಡದ್ದೇ ಗಟ್ಟಿಯಾಗಿ ತಬ್ಬಿ ಅತ್ತಳು. ತಬ್ಬಿದ್ದು ತಾಯವ್ವನನ್ನು. ತಾಯವ್ವನೂ ಹಿಂದೆಮುಂದೆ ನೋಡದೆ ಅವಳನ್ನು ತಬ್ಬಿ ಅತ್ತಳು. ಬಹುಶಃ ಆ ಹೊತ್ತಿಗೆ ಅವಳಿಗೂ ಯಾರನ್ನಾದರೂ ತಬ್ಬಬೇಕಾಗಿತ್ತು.

"ನಾ ಇಲ್ಲಿ ಅದೇನಿ, ಗೌರಿ" ಎಂದಳು ಶೆಟ್ಟೆವ್ವ ಹಿಂದಿನಿಂದ.

ಆಮೇಲೆ ನಡೆದದ್ದನ್ನು ಜಗಳ ಎನ್ನಬೇಕೋ ಏನೆನ್ನಬೇಕೋ ತಿಳಿಯದು. ಇಬ್ಬರೂ ಹೊಸ್ತಿಲಲ್ಲೇ ಕೂತು ಒಬ್ಬಳ ಮುಖವನ್ನೊಬ್ಬಳು ಸವರುತ್ತ ಬೈದಾಡಿದರು. ಎಷ್ಟು ಸೊರಗಿದ್ದೀ, ಉಂಡಿಯೋ ಇಲ್ಲವೋ, ತಡ ಯಾಕಾಯಿತು, ಫೋನು ಯಾಕೆ ಎತ್ತಲಿಲ್ಲ. ಸೋದರತ್ತೆ ಕೆಮ್ಮಿದಳು. ಆಗ ಶೆಟ್ಟೆವ್ವ ಪುಟ್ಟ ಕಂಬಳಿಯನ್ನು ಮಡಿಲಲ್ಲಿ ಹಾಸಿದಳು, ಕೂಸನ್ನು ಅದರ ಮೇಲೆ ಮಲಗಿಸಿದರು. ಹದಿನಾರು ದಿನದ ಕೂಸು ಒಮ್ಮೆ ಕಣ್ಣು ಬಿಟ್ಟು, ಆಕಳಿಸಿ, ಮತ್ತೆ ಮಲಗಿತು. ಅದಕ್ಕೆ ಹೊತ್ತು ಮೀರಿದ್ದರ ಚಿಂತೆ ಇರಲಿಲ್ಲ.

ಹೆಸರಿಟ್ಟು, ಹಾಡು ಮುಗಿದು, ನಾವೆಲ್ಲ ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ಮಾಮಾ ಬಾಗಿಲ ಹತ್ತಿರ ಕೂತಿದ್ದ. ಎರಡು ತಿಂಗಳಿನಿಂದ ಅವ್ವ ತನ್ನ ವ್ಯಾನಿನ ಬಗ್ಗೆ ಒಂದು ಒಳ್ಳೆಯ ಮಾತು ಆಡಿಲ್ಲ, ಇಂದಿನ ಅವಾಂತರದ ಮೇಲೆ ಇನ್ನು ಹತ್ತುವುದೂ ಇಲ್ಲ ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ್ದ. ಹೋಳಿಗೆಯನ್ನು ಬರೀ ಮುರಿದು ಮುರಿದು ಇಡುತ್ತಿದ್ದ. ಅತ್ತ ಗೌರವ್ವ ಶೆಟ್ಟೆವ್ವನ ಕೈ ಬಿಡದೆ ಕೇಳುತ್ತಿದ್ದಳು.

"ಇನ್ನ ಯಾವಾಗ ಬರ್ತಿ ಅಕ್ಕಾ? ಇನ್ನೊಂದ ಮೂರ ವರ್ಷಕ್ಕ ನಾ ಇರ್ತೇನೋ ಇಲ್ಲೋ."

"ಮೂರ ವರ್ಷ ಯಾಕಂತೀ? ಬರೂ ಅಮಾಸಿಗೆ ಬರ್ತೇನಿ. ನನ್ನ ಮಗನ ಹಂತ್ಯಾಕ ವ್ಯಾನ್ ಐತಿ."

ಮಾಮಾ ತುತ್ತು ಕೈಯಲ್ಲೇ ಹಿಡಿದು ಕೂತ. ಆಮೇಲೆ ಎದ್ದು ಹೊರಗೆ ಹೋಗಿ, ಬಹಳ ಹೊತ್ತು ಬರಲಿಲ್ಲ. ಅಮಾವಾಸ್ಯೆಗೆ ಆಗ ಒಂಬತ್ತು ದಿನ ಉಳಿದಿತ್ತು. ಹೋದೆವು. ಅದರ ಮುಂದಿನ ಅಮಾವಾಸ್ಯೆಗೂ ಹೋದೆವು.